ಪ್ಯಾರಾಲೀಗಲ್ ಓದು: ಫೀಸು ಕಟ್ಟುವ ಮುನ್ನ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಕಲಿಸುವ ಪ್ಯಾರಾಲೀಗಲ್ ಕೋರ್ಸಿನ ಸುತ್ತಲಿನವು. ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವವರಿಗೆ ಅಲ್ಲಿ ಪ್ಯಾರಾಲೀಗಲ್ ಎನ್ನುತ್ತಾರೆ. ನಮ್ಮಲ್ಲಿನ ವಕೀಲರ ಗುಮಾಸ್ತರಿಗೆ ಹೋಲಿಸುವವರಿದ್ದಾರೆ. ಹೋಲಿಕೆ ಅರ್ಧದಷ್ಟೇ ಸರಿ. ಹಳೆಯ ತೀರ್ಪು ಹುಡುಕುವುದು, ದಾವೆಯ ಕರಡು ಬರೆಯುವುದು, ದಾಖಲೆ ವಿಂಗಡಿಸುವುದು ಇವರ ಪಾಲಿನ ಕೆಲಸ. ಕೋರ್ಟಿನಲ್ಲಿ ವಾದಿಸುವುದು, ಕಕ್ಷಿದಾರರಿಗೆ ಸಲಹೆ ಕೊಡುವುದು ಇವರದಲ್ಲ.

ಪ್ರಶ್ನೆ: ಊರಲ್ಲಿ ಬಿ.ಕಾಂ. ಮುಗಿಸಿದ್ದೇನೆ, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಎರಡು ವರ್ಷದ ಡಿಗ್ರಿಗೆ ಸೇರಲೋ, ಬರೀ ಸರ್ಟಿಫಿಕೇಟ್ ಸಾಕೋ? ಎ.ಬಿ.ಎ. ಮಾನ್ಯತೆ ಇರಲೇಬೇಕೆ? ಆರು ವಾರದಲ್ಲಿ ಮುಗಿಯುವ ಆನ್‌ಲೈನ್ ಕೋರ್ಸಿನ ಜಾಹೀರಾತನ್ನೂ ನೋಡಿದೆ.

ಆರು ವಾರದ ಕೋರ್ಸನ್ನು ಮರೆತುಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಲೀಗಲ್ ಎಂದು ಕರೆದುಕೊಳ್ಳಲು ಯಾವ ಓದು ಬೇಕೆಂದು ಕಾನೂನೇ ಹೇಳುತ್ತದೆ: ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್, ಸೆಕ್ಷನ್ 6450. ಅಮೆರಿಕನ್ ಬಾರ್ ಅಸೋಸಿಯೇಷನ್ ಎಂಬ ವಕೀಲರ ಸಂಘ, ಅಂದರೆ ಎ.ಬಿ.ಎ., ಒಪ್ಪಿದ ಕೋರ್ಸು ಮುಗಿಸಿರಬೇಕು. ಇಲ್ಲವೇ ಮಾನ್ಯತೆಯಿರುವ ಕಾಲೇಜಿನಲ್ಲಿ ಕಾನೂನಿನ ವಿಷಯಗಳಲ್ಲೇ ಕನಿಷ್ಠ 24 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಓದಿದ ಸರ್ಟಿಫಿಕೇಟ್ ಇರಬೇಕು. ಯಾವುದಾದರೂ ಪದವಿ ಇದ್ದು, ಅರ್ಹ ವಕೀಲರ ಕೈಕೆಳಗೆ ಒಂದು ವರ್ಷ ಕಾನೂನಿನ ಕೆಲಸ ಮಾಡಿ, ಅವರಿಂದ ಬರವಣಿಗೆಯಲ್ಲಿ ಹೇಳಿಕೆ ಪಡೆದರೂ ನಡೆಯುತ್ತದೆ.

ಆ 24 ಯೂನಿಟ್ಟಿನಲ್ಲೇ ಹಲವರು ಎಡವುತ್ತಾರೆ. ಇಂಗ್ಲಿಷ್, ಗಣಿತ, ಕಂಪ್ಯೂಟರ್ ಸೇರಿಸಿ 30 ಯೂನಿಟ್ ಆಯಿತೆಂದು ನಿಶ್ಚಿಂತೆಯಾಗಿರುತ್ತಾರೆ. ಕಾನೂನಿನ ವಿಷಯಗಳನ್ನಷ್ಟೇ ಎಣಿಸಿದರೆ 18ಕ್ಕೇ ನಿಂತಿರುತ್ತದೆ. ಕೋರ್ಸಿನ ಪಟ್ಟಿ ಹಿಡಿದು ನೀವೇ ಕೂಡಿ ನೋಡಿ.

ನಿಮಗೆ ಪದವಿ ಇರುವುದರಿಂದ ಸರ್ಟಿಫಿಕೇಟ್ ಸಾಕೆಂಬುದು ನಮ್ಮ ಅಭಿಪ್ರಾಯ. ಮೊದಲು ಬಿ.ಕಾಂ. ಅಂಕಪಟ್ಟಿಯನ್ನು ವಿದೇಶಿ ಪದವಿ ತೂಗಿ ನೋಡುವ ಸಂಸ್ಥೆಗೆ ಕೊಟ್ಟು ವರದಿ ತರಿಸಿ. ಮೂರು ವರ್ಷದ ಪದವಿಯನ್ನು ಎಲ್ಲರೂ ಒಂದೇ ರೀತಿ ತೂಗುವುದಿಲ್ಲ. ಯಾವ ಸಂಸ್ಥೆಯ ವರದಿ ನಡೆಯುತ್ತದೆಂದು ಕಾಲೇಜಿನವರನ್ನು ಕೇಳಿಯೇ ದುಡ್ಡು ಕಟ್ಟಿ.

ಎ.ಬಿ.ಎ. ಒಪ್ಪುವುದು ಕೋರ್ಸನ್ನು, ವಿದ್ಯಾರ್ಥಿಯನ್ನಲ್ಲ. "ಎ.ಬಿ.ಎ. ಸರ್ಟಿಫೈಡ್ ಪ್ಯಾರಾಲೀಗಲ್" ಎಂದು ರೆಸ್ಯೂಮೆಯಲ್ಲಿ ಬರೆದರೆ ತಿಳಿದವರು ಅಲ್ಲೇ ಪಕ್ಕಕ್ಕಿಡುತ್ತಾರೆ. ಒಂದೇ ಊರಲ್ಲಿ ನೆಲೆಸುವವರಿಗೆ ಎ.ಬಿ.ಎ. ಒಪ್ಪಿದ ಕೋರ್ಸೇ ಆಗಬೇಕೆಂದಿಲ್ಲ. ಮನೆಯವರ ಕೆಲಸದ ಬೆನ್ನಿಗೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದ್ದರೆ ಎ.ಬಿ.ಎ. ಕೋರ್ಸನ್ನೇ ಹಿಡಿಯಿರಿ, ಅದನ್ನು ಎಲ್ಲಿ ಹೋದರೂ ವಿವರಿಸಬೇಕಾಗಿಲ್ಲ.

ರಾಜ್ಯದ ನಿವಾಸಿಗಳಿಗೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್ಟಿಗೆ 46 ಡಾಲರ್. 24 ಯೂನಿಟ್ಟಿಗೆ 1,104, ಎರಡು ವರ್ಷದ 60 ಯೂನಿಟ್ಟಿಗೆ 2,760 ಡಾಲರ್. ಪುಸ್ತಕ, ಇತರ ಶುಲ್ಕ ಬೇರೆ. ನಿವಾಸಿಯಲ್ಲದವರಿಗೆ ಇದರ ಹಲವು ಪಟ್ಟು.

ಕೌನ್ಸೆಲರನ್ನು ಇಷ್ಟು ಕೇಳಿ: ಲೀಗಲ್ ರಿಸರ್ಚ್ ಮತ್ತು ಸಿವಿಲ್ ಲಿಟಿಗೇಷನ್ ತರಗತಿಗಳು ಪ್ರತಿ ಸೆಮಿಸ್ಟರ್ ನಡೆಯುತ್ತವೆಯೋ, ವರ್ಷಕ್ಕೊಮ್ಮೆಯೋ? ತೀರ್ಪು ಹುಡುಕುವ ಆನ್‌ಲೈನ್ ಸಂಗ್ರಹಗಳಾದ ವೆಸ್ಟ್‌ಲಾ ಅಥವಾ ಲೆಕ್ಸಿಸ್ ಲಾಗಿನ್ ಫೀಸಿನಲ್ಲೇ ಬರುತ್ತದೆಯೋ? ರಿಸರ್ಚ್ ಆದಮೇಲೇ ರೈಟಿಂಗ್ ಎಂಬ ನಿಯಮವಿದ್ದು, ರಿಸರ್ಚ್ ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಡೆ ಒಂದು ತರಗತಿ ತಪ್ಪಿದರೆ ವರ್ಷವೇ ಹೋಯಿತು.

ಪ್ರಶ್ನೆ: ಎಚ್-4 ವೀಸಾದಲ್ಲಿದ್ದೇನೆ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು), ಇ.ಎ.ಡಿ., ಅಂದರೆ ಕೆಲಸದ ಪರವಾನಗಿ, ಇಲ್ಲ. ಓದಬಹುದೆ? ಕೊನೆಯಲ್ಲಿರುವ ಇಂಟರ್ನ್‌ಶಿಪ್ ಮಾಡಬಹುದೆ?

ಓದಬಹುದು, ವೀಸಾ ಬದಲಿಸಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿರುವ ದಾಖಲೆ ಇದ್ದರೆ ಎಚ್-4ನವರಿಗೂ ನಿವಾಸಿಗಳ ಫೀಸು ಸಿಗುವ ಅವಕಾಶವಿದೆ. ಬಾಡಿಗೆ ಕರಾರು, ತೆರಿಗೆ ಕಾಗದ, ಚಾಲನಾ ಪರವಾನಗಿ ಜೋಡಿಸಿಟ್ಟುಕೊಳ್ಳಿ.

ಇಂಟರ್ನ್‌ಶಿಪ್ ವಿಷಯದಲ್ಲಿ ಎಚ್ಚರ. ಸಂಬಳ ಇಲ್ಲದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಲಾಭಕ್ಕಾಗಿ ನಡೆಯುವ ವಕೀಲರ ಕಚೇರಿಯಲ್ಲಿ ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನೇ ಇ.ಎ.ಡಿ. ಇಲ್ಲದೆ ಮಾಡಿದರೆ ನಾಳೆ ಗ್ರೀನ್ ಕಾರ್ಡಿನ ಹೊತ್ತಿಗೆ ಕುತ್ತಿಗೆಗೆ ಬರಬಹುದು. ಇಂಟರ್ನ್‌ಶಿಪ್ ಬದಲು ಬೇರೆ ವಿಷಯ ತೆಗೆದುಕೊಳ್ಳಲು ಬಿಡುತ್ತಾರೆಯೇ ಎಂದು ಸೇರುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದಿಡಿ.

ವಿದ್ಯಾರ್ಥಿ ವೀಸಾ ಎಫ್-1ನವರ ಲೆಕ್ಕ ಬೇರೆ. ಸೆಮಿಸ್ಟರಿಗೆ 12 ಯೂನಿಟ್ ಬೇಕು. ಅದರಲ್ಲಿ ಪೂರ್ತಿ ಆನ್‌ಲೈನ್ ಆದ ಒಂದೇ ತರಗತಿ, 3 ಯೂನಿಟ್ಟಿನವರೆಗೆ, ಎಣಿಕೆಗೆ ಬರುತ್ತದೆ. ಇಂಟರ್ನ್‌ಶಿಪ್ಪಿಗೆ ಸಿ.ಪಿ.ಟಿ. (ಓದಿನ ಭಾಗವಾಗಿ ಕೆಲಸ ಮಾಡುವ) ಅನುಮತಿ ಮೊದಲ ದಿನಕ್ಕಿಂತ ಮುಂಚೆಯೇ ಕಾಲೇಜು ಕೊಡುವ ಐ-20 ಪತ್ರದಲ್ಲಿ ನಮೂದಾಗಿರಬೇಕು. ಮಕ್ಕಳ ಮನೆಗೆ ಬಿ-2 ಪ್ರವಾಸಿ ವೀಸಾದಲ್ಲಿ ಬಂದವರು ಕೋರ್ಸಿಗೆ ಸೇರುವಂತಿಲ್ಲ.

ಪ್ರಶ್ನೆ: ಧಾರವಾಡದಲ್ಲಿ ಎಲ್‌ಎಲ್‌.ಬಿ. ಮಾಡಿ ನಾಲ್ಕು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ. ಈಗ ಪ್ಯಾರಾಲೀಗಲ್ ಓದಲೇ?

ತಡೆಯಿರಿ. ಬೇರೆ ದೇಶದಲ್ಲಿ ಸನದು ಪಡೆದ ವಕೀಲರು ಮತ್ತೆ ಕಾನೂನು ಓದದೆಯೇ ವಕೀಲರಾಗಲು ಬರೆಯುವ ಬಾರ್ ಪರೀಕ್ಷೆಗೆ ಕೂರಲು ಕ್ಯಾಲಿಫೋರ್ನಿಯಾ ಅವಕಾಶ ಕೊಡುತ್ತದೆ. ಆ ರಾಜ್ಯದ ಬಾರ್‌ನಲ್ಲಿ ಮೊದಲು ವಿಚಾರಿಸಿ; ಕರ್ನಾಟಕದ ನೋಂದಣಿ ಚಾಲ್ತಿಯಲ್ಲಿರಲಿ. ಪರೀಕ್ಷೆ ಸುಲಭದ್ದಲ್ಲ. ತಯಾರಿಯ ಜತೆಗೆ ಲೀಗಲ್ ರೈಟಿಂಗ್, ಸಿವಿಲ್ ಲಿಟಿಗೇಷನ್ ಎರಡೇ ತರಗತಿ ತೆಗೆದುಕೊಂಡರೂ ಅಲ್ಲಿನ ಕಚೇರಿಯ ಭಾಷೆ ಹಿಡಿತಕ್ಕೆ ಬರುತ್ತದೆ. ಅಲ್ಲಿಯವರೆಗೆ ವಿಸಿಟಿಂಗ್ ಕಾರ್ಡಿನಲ್ಲಿ "ಅಟಾರ್ನಿ" ಎಂದು ಹಾಕಿಸಬೇಡಿ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಈ ಓದಿನಲ್ಲಿ ನಿಜವಾಗಿ ಕಷ್ಟ ಯಾವುದು?

ಇಂಗ್ಲಿಷ್ ಅಲ್ಲ. ಲೀಗಲ್ ರೈಟಿಂಗ್‌ನಲ್ಲಿ ಅಲಂಕಾರದ ಇಂಗ್ಲಿಷಿಗೆ ಅಂಕ ಕಳೆಯುತ್ತಾರೆ. ಪ್ರಶ್ನೆ ಏನು, ನಿಯಮ ಏನು, ಅದು ಈ ಕೇಸಿಗೆ ಹೇಗೆ ಕೂಡುತ್ತದೆ, ತೀರ್ಮಾನವೇನು ಎಂಬ ನಾಲ್ಕು ಹೆಜ್ಜೆಯಲ್ಲಿ ಚಿಕ್ಕ ವಾಕ್ಯ ಬರೆದರೆ ಮುಗಿಯಿತು. ಜನ ಸೋಲುವುದು ದಿನ ಎಣಿಸುವುದರಲ್ಲಿ.

ಒಂದು ಲೆಕ್ಕ ನೋಡಿ. ಫೆಡರಲ್ (ಕೇಂದ್ರದ) ಕೋರ್ಟಿನ ದಾವೆಯಲ್ಲಿ ಪ್ರತಿವಾದಿಗೆ 2025ರ ಜೂನ್ 13, ಶುಕ್ರವಾರ ಸಮನ್ಸ್ ಜಾರಿಯಾಯಿತು. ಉತ್ತರ ಸಲ್ಲಿಸಲು 21 ದಿನ. ಜಾರಿಯಾದ ದಿನವನ್ನು ಬಿಡಬೇಕು. ಜೂನ್ 14 ಮೊದಲ ದಿನ. ನಡುವಿನ ಶನಿವಾರ, ಭಾನುವಾರ, ಜೂನ್ 19ರ ರಜೆ ಎಲ್ಲವನ್ನೂ ಎಣಿಸಬೇಕು. 21ನೆಯ ದಿನ ಜುಲೈ 4ಕ್ಕೆ ಬೀಳುತ್ತದೆ. ಅದು ರಾಷ್ಟ್ರೀಯ ರಜೆ, ಮರುದಿನ ಶನಿವಾರ, ಆಮೇಲೆ ಭಾನುವಾರ. ಹಾಗಾಗಿ ಕೊನೆಯ ದಿನ ಜುಲೈ 7, ಸೋಮವಾರ. ರಜೆ ಕೊನೆಯ ದಿನಕ್ಕೆ ಬಿದ್ದರೆ ಮಾತ್ರ ಗಡುವು ಮುಂದೆ ಹೋಗುತ್ತದೆ, ನಡುವೆ ಬಂದರೆ ಇಲ್ಲ. ಜೂನ್ 13ನ್ನೂ ಸೇರಿಸಿ ಎಣಿಸಿದವರಿಗೆ ಜುಲೈ 3 ಬರುತ್ತದೆ, ಅದರಿಂದ ನಷ್ಟವಿಲ್ಲ. ವಾರಾಂತ್ಯಗಳನ್ನೆಲ್ಲ ಬಿಟ್ಟು ಎಣಿಸಿದವರು ಜುಲೈ ಮಧ್ಯಕ್ಕೆ ಹೋಗಿರುತ್ತಾರೆ. ಅಷ್ಟರಲ್ಲಿ ಎದುರು ಪಕ್ಷದವರು ಡಿಫಾಲ್ಟ್, ಅಂದರೆ ಉತ್ತರ ಬಾರದ್ದಕ್ಕೆ ಏಕಪಕ್ಷೀಯ ಕ್ರಮ, ಕೇಳಬಹುದು.

ಇದೇ ದಾವೆ ಕ್ಯಾಲಿಫೋರ್ನಿಯಾದ ರಾಜ್ಯ ಕೋರ್ಟಿನಲ್ಲಿದ್ದು ಸಮನ್ಸನ್ನು ಕೈಗೇ ಕೊಟ್ಟಿದ್ದರೆ 30 ದಿನ. ಎದುರು ಪಕ್ಷದಿಂದ ಅಂಚೆಯಲ್ಲಿ ಬಂದ ಪ್ರಶ್ನಾವಳಿಗೆ ಉತ್ತರಿಸಲು ಫೆಡರಲ್ ಕೋರ್ಟಿನಲ್ಲಿ 30 ದಿನದ ಮೇಲೆ 3 ದಿನ ಸಿಗುತ್ತದೆ. ಎಲೆಕ್ಟ್ರಾನಿಕ್ ಆಗಿ ಬಂದದ್ದಕ್ಕೆ ಆ 3 ದಿನವನ್ನು 2016ರ ಡಿಸೆಂಬರ್ 1ರಿಂದ ತೆಗೆದುಹಾಕಿದ್ದಾರೆ. ಅದಕ್ಕಿಂತ ಹಳೆಯ ಪಠ್ಯಪುಸ್ತಕವನ್ನು ಅಗ್ಗಕ್ಕೆ ಕೊಂಡರೆ ಈ ತಪ್ಪೂ ಅದರ ಜತೆಗೇ ಬರುತ್ತದೆ.

ಎರಡನೆಯ ಕಷ್ಟ, ಮರೆಮಾಚುವುದು. ಫೆಡರಲ್ ಕೋರ್ಟಿಗೆ ಸಲ್ಲಿಸುವ ಕಾಗದದಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಮತ್ತು ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ, ಹುಟ್ಟಿದ ವರ್ಷ, ಅಪ್ರಾಪ್ತರ ಹೆಸರಿನ ಮೊದಲಕ್ಷರ, ಇಷ್ಟೇ ಕಾಣಬೇಕು. ಪಿ.ಡಿ.ಎಫ್. ಮೇಲೆ ಕಪ್ಪು ಚೌಕ ಎಳೆದರೆ ಸಾಲದು. ಕೆಳಗಿನ ಅಕ್ಷರ ಹಾಗೇ ಉಳಿದಿರುತ್ತದೆ; ಚೌಕದ ಮೇಲೆ ಮೌಸ್ ಎಳೆದು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಪೂರ್ತಿ ಸಂಖ್ಯೆ ಎದ್ದು ಬರುತ್ತದೆ. ರಿಡ್ಯಾಕ್ಷನ್ ಸಾಧನದಿಂದ ಗುರುತಿಸಿ, "ಅಪ್ಲೈ" ಒತ್ತಿ, ಹೊಸ ಹೆಸರಿನಲ್ಲಿ ಉಳಿಸಿ, ಇದೇ ಕಾಪಿ-ಪೇಸ್ಟ್ ಪರೀಕ್ಷೆಯನ್ನು ನೀವೇ ಮಾಡಿ ನೋಡಿ.

ತೀರ್ಪುಗಳ ಉಲ್ಲೇಖ ಕಲಿಯಲು ವಾರ ಎರಡು ವಾರ ಸಾಕು. "347 ಯು.ಎಸ್. 483 (1954)" ಎಂದರೆ ಯು.ಎಸ್. ರಿಪೋರ್ಟ್ಸ್‌ನ 347ನೆಯ ಸಂಪುಟ, 483ನೆಯ ಪುಟ, 1954ರ ತೀರ್ಪು. ಶಾಲೆಗಳಲ್ಲಿನ ವರ್ಣಭೇದದ ಮೇಲಿನ ಬ್ರೌನ್ ಕೇಸು. ಹುಡುಕಿದ ತೀರ್ಪು ಇನ್ನೂ ಊರ್ಜಿತದಲ್ಲಿದೆಯೇ ಎಂದು ಕೀಸೈಟ್ ಅಥವಾ ಶೆಪರ್ಡ್ಸ್‌ನಲ್ಲಿ ನೋಡದೆ ಮೆಮೊ ಕೊಡಬಾರದು. ಚಾಟ್‌ಜಿಪಿಟಿ ಕೊಟ್ಟ, ಲೋಕದಲ್ಲೇ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ 2023ರಲ್ಲಿ ಮಾಟಾ ವರ್ಸಸ್ ಏವಿಯಾಂಕಾ ಕೇಸಿನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು 5,000 ಡಾಲರ್ ದಂಡ ಹಾಕಿತು. ಫೆಡರಲ್ ಕಡತಗಳನ್ನು ನೋಡಲು ಪೇಸರ್ ಇದೆ: ಪುಟಕ್ಕೆ 10 ಸೆಂಟ್, ತೀರ್ಪುಗಳಿಗೆ ಶುಲ್ಕವಿಲ್ಲ. ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಬಿಲ್ಲೇ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಅದು ಧಾರಾಳ.

ಪ್ರಶ್ನೆ: ಕೋರ್ಸು ಮುಗಿಯುತ್ತಿದ್ದಂತೆ ಕನ್ನಡ ಕೂಟದ ಹಿರಿಯರು "ನಮ್ಮ ಗ್ರೀನ್ ಕಾರ್ಡ್ ಫಾರಂ ತುಂಬಿಕೊಡಮ್ಮಾ, ಏನಾದ್ರೂ ಕೊಡ್ತೀವಿ" ಅಂತಿದ್ದಾರೆ. ತುಂಬಿಕೊಡಲೇ?

ದುಡ್ಡಿಗಂತೂ ಬೇಡ. ಅವರು ಹೇಳಿದ ಉತ್ತರವನ್ನು ಹೇಳಿದಂತೆಯೇ ಟೈಪ್ ಮಾಡುವುದು, ಕನ್ನಡದಿಂದ ಇಂಗ್ಲಿಷಿಗೆ ತರುವುದು ಒಂದು ಮಾತು. ಅದಕ್ಕೂ ಫಾರಂ ಕೊನೆಯಲ್ಲಿ ತಯಾರಿಸಿದವರ, ಅನುವಾದಿಸಿದವರ ಜಾಗದಲ್ಲಿ ನಿಮ್ಮ ಹೆಸರು, ಸಹಿ ಹಾಕಬೇಕು. "ಈ ಫಾರಂ ಬೇಡ ಅಂಕಲ್, ಅದನ್ನ ಹಾಕಿ" ಎಂದರೆ ಅದು ಕಾನೂನು ಸಲಹೆ. "ಇಲ್ಲಿ 'ಇಲ್ಲ' ಅಂತಲೇ ಬರೆಯೋಣ" ಎಂದರೂ ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಲೀಗಲ್ ಜನರೊಂದಿಗೆ ನೇರವಾಗಿ ವ್ಯವಹಾರ ಕುದುರಿಸುವಂತಿಲ್ಲ. ವಕೀಲರ ಮೂಲಕವೇ ಆಗಬೇಕು. ತಪ್ಪಿದರೆ ಮೊದಲ ಸಲಕ್ಕೇ, ಒಬ್ಬೊಬ್ಬ ಗ್ರಾಹಕರ ಲೆಕ್ಕದಲ್ಲಿ, 2,500 ಡಾಲರ್‌ವರೆಗೆ ದಂಡ. ಹಣ ಪಡೆದು ವಲಸೆ ಫಾರಂ ತುಂಬುವವರು ಇಮಿಗ್ರೇಷನ್ ಕನ್ಸಲ್ಟೆಂಟ್ ಎಂದು ಬೇರೆಯೇ ಬಾಂಡ್ ಕೊಟ್ಟಿರಬೇಕು, ಒಂದು ಲಕ್ಷ ಡಾಲರಿನದು. ಅವರೂ ಸಲಹೆ ಕೊಡುವಂತಿಲ್ಲ.

ಈ ಕೆಲಸದಲ್ಲೇ ಮನಸ್ಸಿದ್ದರೆ ಸರಿಯಾದ ದಾರಿ ಇದೆ. ಅಮೆರಿಕದ ನ್ಯಾಯ ಇಲಾಖೆ ಮಾನ್ಯ ಮಾಡಿದ ಲಾಭರಹಿತ ಸಂಸ್ಥೆಯ ಮೂಲಕ ವಕೀಲರಲ್ಲದವರೂ ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್ ಆಗಬಹುದು. ಭಾಗಶಃ ಮಾನ್ಯತೆ ಪಡೆದವರು ವಲಸೆ ಇಲಾಖೆಯ ಮುಂದೆ, ಪೂರ್ಣ ಮಾನ್ಯತೆ ಪಡೆದವರು ವಲಸೆ ಕೋರ್ಟಿನಲ್ಲೂ ಜನರ ಪರ ನಿಲ್ಲಬಹುದು. ಕನ್ನಡದ ಜತೆ ಹಿಂದಿ, ತೆಲುಗು ಬಲ್ಲವರಿಗೆ ಇಂಥ ಕಡೆ ಬೆಲೆ ಇದೆ. ಹಿರಿಯರಿಗೆ ಸದ್ಯಕ್ಕೆ ಅಂಥ ಸಂಸ್ಥೆಯ ವಿಳಾಸ ಹುಡುಕಿ ಕೊಡಿ; ಅದು ತಪ್ಪಲ್ಲ.

ಪ್ರಶ್ನೆ: "ಸರ್ಟಿಫಿಕೇಟ್" ಪಡೆದವರು "ಸರ್ಟಿಫೈಡ್" ಅಲ್ಲವೆ? ಸಂಬಳ ಎಷ್ಟು?

ಅಲ್ಲ. ಸರ್ಟಿಫಿಕೇಟ್ ಕಾಲೇಜಿನದು. ಸರ್ಟಿಫೈಡ್ ಪ್ಯಾರಾಲೀಗಲ್ ಎಂಬುದು ನಾಲಾ ಎಂಬ ಸಂಘ ನಡೆಸುವ ಪರೀಕ್ಷೆಯಿಂದ ಬರುವ ಬಿರುದು: ಮೊದಲು 120 ಬಹು ಆಯ್ಕೆಯ ಪ್ರಶ್ನೆ, ಅದರಲ್ಲಿ ಪಾಸಾದವರಿಗೆ ಬರವಣಿಗೆಯ ಪರೀಕ್ಷೆ. ಐದು ವರ್ಷಕ್ಕೊಮ್ಮೆ 50 ಗಂಟೆಯ ಮುಂದುವರಿದ ಕಲಿಕೆ ತೋರಿಸಿ ನವೀಕರಿಸಬೇಕು. ಕಡ್ಡಾಯವಲ್ಲ, ಮೊದಲ ಕೆಲಸ ಸಿಕ್ಕ ಮೇಲೆ ಬರೆದರೆ ಸಾಕು. ಸರ್ಕಾರದ ಕಾರ್ಮಿಕ ಅಂಕಿಅಂಶದಂತೆ 2024ರ ಮೇ ತಿಂಗಳಲ್ಲಿ ಪ್ಯಾರಾಲೀಗಲ್‌ಗಳ ಮಧ್ಯಮ ವಾರ್ಷಿಕ ಸಂಬಳ 61,010 ಡಾಲರ್. ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ; ಹೊಸಬರು ಆ ಅರ್ಧದಲ್ಲಿರುತ್ತಾರೆ.

ಪ್ರಶ್ನೆ: ಜತೆಗೆ ನೋಟರಿಯೂ ಆದರೆ ಅನುಕೂಲವೆ?

ಅನುಕೂಲವೇ, ಸಣ್ಣ ಕಚೇರಿಗಳು ಇಷ್ಟಪಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ ಆರು ಗಂಟೆಯ ತರಗತಿ, ಲಿಖಿತ ಪರೀಕ್ಷೆ, ಬೆರಳಚ್ಚು, 15,000 ಡಾಲರಿನ ಬಾಂಡ್. ಅವಧಿ ನಾಲ್ಕು ವರ್ಷ. ಸಹಿ ಹಾಕುವವರು ನಿಮ್ಮೆದುರು ನಿಂತಿರದಿದ್ದರೆ, ವಕೀಲರೇ ಹೇಳಿದರೂ, ಮುದ್ರೆ ಒತ್ತಬೇಡಿ.