ಸಕಲೇಶಪುರದ ಸರ್ವರ್, ಹಾಸನದಲ್ಲಿ ಕೀಲಿಕೈ

ಪ್ರಶ್ನೆ: ನಾನಿರುವುದು ಹಾಸನದಲ್ಲಿ. ಸಕಲೇಶಪುರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸರ್ವರ್ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸರ್ವರ್ ಆಫ್ ಆದಾಗಲೆಲ್ಲ ಓಡಬೇಕು. ಅದಕ್ಕೇ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ (ಇಂಟರ್‌ನೆಟ್‌ನಿಂದ ಒಳಗಿನ ಯಂತ್ರಕ್ಕೆ ನೇರ ದಾರಿ ಬಿಟ್ಟು), ಡೆಲ್ ಐಡ್ರ್ಯಾಕ್ ಪುಟ ಮನೆಯಿಂದಲೇ ತೆರೆಯುವಂತೆ ಮಾಡಿಕೊಂಡಿದ್ದೇನೆ. ಹಳೇ ಪಾಸ್‌ವರ್ಡ್ ಬದಲಿಸಿದ್ದೇನೆ. ಇಷ್ಟು ಸಾಕೇ?

ಉತ್ತರ: ಸಾಲದು. ಆ ಪೋರ್ಟ್ ಫಾರ್ವರ್ಡ್ ಇವತ್ತೇ ತೆಗೆಯಿರಿ, ಉಳಿದದ್ದು ಆಮೇಲೆ.

ಐಡ್ರ್ಯಾಕ್ ಅಂದರೆ ಸರ್ವರ್‌ನೊಳಗೇ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಅದು ಎದ್ದೇ ಇರುತ್ತದೆ. ಅದರೊಳಗೆ ಹೊಕ್ಕವನು ತನ್ನ ಐಎಸ್‌ಒ ಫೈಲಿನಿಂದ (ಸಿಡಿಯ ಪ್ರತಿಯಂಥ ಫೈಲ್) ಸರ್ವರ್ ಬೂಟ್ ಮಾಡಿ ಡಿಸ್ಕನ್ನೇ ಅಳಿಸಬಹುದು. ನಿಮ್ಮ ವಿಂಡೋಸ್‌ನ ಆ್ಯಂಟಿವೈರಸ್‌ಗೆ ಇದರ ಸುಳಿವೂ ಸಿಗುವುದಿಲ್ಲ.

ಇಲ್ಲಿ ಪಾಸ್‌ವರ್ಡ್ ಒಂದನ್ನೇ ನಂಬುವಂತಿಲ್ಲ. ಐಡ್ರ್ಯಾಕ್‌ನಂಥದ್ದೇ ಆದ ಎಚ್‌ಪಿಇ ಕಂಪನಿಯ ಐಲೋ 4ರಲ್ಲಿ 2017ರಲ್ಲಿ ಬಯಲಾದ ದೋಷ ನೋಡಿ: ವೆಬ್ ಕೋರಿಕೆಯ ಕನೆಕ್ಷನ್ ಹೆಡರ್‌ ಎಂಬ ಸಾಲಿನಲ್ಲಿ 29 ಸಲ ‘ಎ’ ಅಕ್ಷರ ತುಂಬಿ ಕಳಿಸಿದರೆ ಲಾಗಿನ್ ಇಲ್ಲದೆಯೇ ಬಾಗಿಲು ತೆರೆಯುತ್ತಿತ್ತು. ಅದಾದರೂ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್‌ನಿಂದ ಸರಿಹೋಯಿತು. ಇಂಥ ಪುಟ್ಟ ಕಂಪ್ಯೂಟರ್‌ಗಳೊಡನೆ ದೂರದಿಂದ ಮಾತಾಡುವ ಪ್ರೋಟೋಕಾಲ್ (ಸಂವಹನ ನಿಯಮ) ಐಪಿಎಂಐ 2.0ರ ದೋಷ ಹಾಗಲ್ಲ, ಅದು ಆ ಪ್ರೋಟೋಕಾಲ್‌ನಲ್ಲೇ ಇದೆ. ಯೂಸರ್ ಹೆಸರು ಗೊತ್ತಿದ್ದವನು ಕೇಳಿದರೆ ಸಾಕು, ಲಾಗಿನ್‌ಗೆ ಮುಂಚೆಯೇ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗೂಢ ರೂಪ) ಕೊಟ್ಟುಬಿಡುತ್ತದೆ. ಅವನು ಮನೆಯಲ್ಲಿ ಕೂತು, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಊಹಿಸಿ ಸಾವಕಾಶವಾಗಿ ಅದನ್ನು ಒಡೆಯುತ್ತಾನೆ. ಡೆಲ್‌ನಲ್ಲಿ ಹೆಸರು ಊಹಿಸುವ ಕಷ್ಟವೂ ಇಲ್ಲ, ‘ರೂಟ್’ ಎಂಬುದು ಜಗತ್ತಿಗೇ ಗೊತ್ತು. ಆದ್ದರಿಂದ ಐಪಿಎಂಐ ಓವರ್ ಲ್ಯಾನ್ ಆನ್ ಇದ್ದರೆ ಆಫ್ ಮಾಡಿ. ಅದು ಓಡುವುದು ಯುಡಿಪಿ 623ನೇ ಪೋರ್ಟ್‌ನಲ್ಲಿ. ನಿಮಗೆ ಬೇಕಾದ ಕೆಲಸವೆಲ್ಲ ವೆಬ್ ಪುಟದಲ್ಲೇ ಆಗುತ್ತದೆ.

ದೂರದಿಂದ ತೆರೆಯಲು ವಿಪಿಎನ್ (ಇಂಟರ್‌ನೆಟ್ ಮೂಲಕ ಒಳ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿ) ಹಾಕಿ. ಆದರೆ ಹಲವರು ಎಡವುವುದು ಇಲ್ಲೇ: ವಿಪಿಎನ್ ಅನ್ನು ಅದೇ ಸರ್ವರ್‌ನಲ್ಲಿ ಕೂರಿಸುತ್ತಾರೆ. ಸರ್ವರ್ ಮಲಗಿದರೆ ವಿಪಿಎನ್ ಕೂಡ ಮಲಗಿತು, ನೀವು ಮತ್ತೆ ಸಕಲೇಶಪುರದ ಬಸ್ಸಿಗೆ! ಅದು ರೂಟರ್‌ನಲ್ಲಿರಲಿ, ರೂಟರ್ ಯುಪಿಎಸ್ ಮೇಲಿರಲಿ. ಐಡ್ರ್ಯಾಕ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಡೆಡಿಕೇಟೆಡ್’ (ಐಡ್ರ್ಯಾಕ್‌ಗೇ ಮೀಸಲಾದ ಪೋರ್ಟ್) ಆರಿಸಿ, ಅದರ ಕೇಬಲ್ಲನ್ನು ಪ್ರತ್ಯೇಕ ವಿಲ್ಯಾನ್‌ಗೆ (ಉಳಿದ ಪಿಸಿಗಳಿಂದ ಬೇರ್ಪಡಿಸಿದ ನೆಟ್‌ವರ್ಕ್ ಭಾಗಕ್ಕೆ) ಹಾಕಿ. ಇಲ್ಲದಿದ್ದರೆ ತೂಕದ ಕೌಂಟರಿನ ಪಿಸಿಗೆ ಹತ್ತಿದ ವೈರಸ್ಸಿಗೂ ಆ ಪುಟ ಕಾಣುತ್ತದೆ. ಈ ಬದಲಾವಣೆ ಮಾತ್ರ ಸ್ಥಳದಲ್ಲೇ ನಿಂತು ಮಾಡಿ. ದೂರದಿಂದ ಮಾಡಹೋದರೆ ನೀವೇ ಹೊರಗೆ ಉಳಿಯುತ್ತೀರಿ. ನಿಮ್ಮ ಹೆಸರಲ್ಲೊಂದು ಖಾತೆ ತೆರೆದು, ಅದರಿಂದ ಲಾಗಿನ್ ಆಗುವುದನ್ನು ನೋಡಿಕೊಂಡ ಮೇಲೆ ‘ರೂಟ್’ ನಿಲ್ಲಿಸಿ. ಫರ್ಮ್‌ವೇರ್ ಹಳೆಯದಿದ್ದರೆ ಅದೂ ಆಗಲಿ.

ಅಂದಹಾಗೆ, ಬಯಾಸ್‌ನಲ್ಲಿ (ಸರ್ವರ್‌ನ ಮೂಲ ಸೆಟ್ಟಿಂಗ್ ಪುಟದಲ್ಲಿ) ‘ಎಸಿ ಪವರ್ ರಿಕವರಿ’ ನೋಡಿದ್ದೀರಾ? ಅದು ‘ಲಾಸ್ಟ್’ (ಕರೆಂಟ್ ಹೋಗುವಾಗ ಇದ್ದ ಸ್ಥಿತಿಗೇ ಮರಳುವುದು) ಎಂದಿದ್ದು, ಯುಪಿಎಸ್ ಸಾಫ್ಟ್‌ವೇರ್ ಸರ್ವರನ್ನು ನೀಟಾಗಿ ಶಟ್‌ಡೌನ್ ಮಾಡಿದ್ದರೆ, ಕರೆಂಟ್ ಬಂದರೂ ಅದು ಏಳುವುದಿಲ್ಲ. ‘ಆನ್’ ಮಾಡಿಡಿ. ನಿಮ್ಮ ಓಡಾಟ ಅರ್ಧಕ್ಕರ್ಧ ಇಲ್ಲೇ ತಪ್ಪಬಹುದು.

ಎಲ್ಲ ಮುಗಿದ ಮೇಲೆ ಮೊಬೈಲ್ ಡೇಟಾದಿಂದ, ವಿಪಿಎನ್ ಇಲ್ಲದೆ, ಹಳೇ ವಿಳಾಸ ತೆರೆದು ನೋಡಿ. ಲಾಗಿನ್ ಪುಟ ಬಂದರೆ ರೂಟರ್‌ನಲ್ಲಿ ಇನ್ನೂ ಏನೋ ಉಳಿದಿದೆ.