ವಯಸ್ಸಾದವರು ರಾತ್ರಿ ಬಾತ್‌ರೂಮಿನಲ್ಲಿ ಬೀಳದಂತೆ ಏನು ಮಾಡಬಹುದು?

75 ದಾಟಿದ ಅಮ್ಮ ರಾತ್ರಿ ಒಬ್ಬರೇ ಬಾತ್‌ರೂಮಿಗೆ ಹೋಗುತ್ತಾರೆ, ಬಿದ್ದುಬಿಟ್ಟರೆ ಅಂತ ಭಯ ಎಂದಿದ್ದೀರಿ. ಟೈಲ್ಸ್ ಬದಲಾಯಿಸುವ ಮೊದಲು ಮಂಚದಿಂದ ಶುರು ಮಾಡಿ. ಮಲಗಿದ್ದವರು ತಟ್ಟನೆ ಎದ್ದು ನಿಂತರೆ ರಕ್ತ ಕಾಲಿನ ಕಡೆ ಇಳಿದು ಬಿಪಿ ಕಡಿಮೆಯಾಗಬಹುದು, ತಲೆ ಸುತ್ತಬಹುದು. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರಿಗೆ ಇದು ಜಾಸ್ತಿ. ಹಾಗಾಗಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು ಆಮೇಲೆ ಏಳಲಿ. ಆಗಾಗ ತಲೆ ಸುತ್ತಿದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿ ಅಂತ ಡಾಕ್ಟರಿಗೆ ಹೇಳಿ.

ದಾರಿಯಲ್ಲಿ ಒಂದು ಸಣ್ಣ ನೈಟ್ ಲ್ಯಾಂಪ್ ಉರಿಯುತ್ತಿರಲಿ. ಬಾಗಿಲ ಹತ್ತಿರ ಹಳೇ ಸೀರೆ ಮಡಿಸಿ ಹಾಕಿದ ಕಾಲೊರೆಸು ಇದ್ದರೆ ಇವತ್ತೇ ತೆಗೆಯಿರಿ, ನುಣುಪು ನೆಲದ ಮೇಲೆ ಅದು ಸರ್ರನೆ ಜಾರುತ್ತದೆ.

ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಇದೆಯಲ್ವಾ ಅಂತ ಸುಮ್ನಿರಬೇಡಿ. ಅದು ಒದ್ದೆ ಟವೆಲ್ ಹೊರಲು ಮಾಡಿದ್ದು, ಮನುಷ್ಯರ ಭಾರ ಬಿದ್ದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಹಿಡಿಕೆ ಹಾಕಿಸಿದ ಮೇಲೆ ನೀವೇ ಜೋತುಬಿದ್ದು ನೋಡಿ.

ನನ್ನ ಪ್ರಕಾರ ಎಲ್ಲರೂ ಮರೆಯುವುದು ಚಿಲಕವನ್ನು. ಒಳಗೆ ಬಿದ್ದವರು ಅದನ್ನು ತೆಗೆಯಲಾರರು. ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಿ.

ಅಕಸ್ಮಾತ್ ಬಿದ್ದು, ಸೊಂಟ ನೋವು ಎಂದರೆ ಅಥವಾ ಕಾಲು ಎತ್ತಲಾಗದಿದ್ದರೆ ಎಳೆದು ನಿಲ್ಲಿಸಬೇಡಿ. ಹಾಗೇ ಮಲಗಿಸಿ, ಹೊದಿಸಿ, 108ಕ್ಕೆ ಫೋನ್ ಮಾಡಿ.