ಶಾಲೆಯ ಪ್ರಾಜೆಕ್ಟಿಗೆ ಸಂಗೊಳ್ಳಿ ರಾಯಣ್ಣನ ಮೇಲೆ, ಹುಟ್ಟಿನಿಂದ ಗಲ್ಲಿನ ತನಕ ಎಲ್ಲವೂ ಬರುವ ಹಾಗೆ, ಮಹಾಕಾವ್ಯ ಬರೆಯಬೇಕು. ಭಾಮಿನಿ ಷಟ್ಪದಿಯಲ್ಲಿ ಬರೆದರೆ ಗಂಭೀರವಾಗಿ ಕೇಳಿಸುತ್ತಾ?

ಬೇಡ, ಭಾಮಿನಿ ಬೇಡ. ಒಂಬತ್ತನೇ ತರಗತಿಯಲ್ಲಿ ನಾನೂ ಇದೇ ರಾಯಣ್ಣನ ಮೇಲೆ, ಇದೇ ಭಾಮಿನಿಯಲ್ಲಿ, ನೀವು ಅಂದುಕೊಂಡ ಹಾಗೇ ಹುಟ್ಟಿನಿಂದ ಗಲ್ಲಿನ ತನಕ ಬರೆದಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮೂರು ಬೈಲಹೊಂಗಲದ ಕಡೆ. ಅಲ್ಲಿ ರಾಯಣ್ಣನ ಕಥೆಯನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಜಾತ್ರೆಯಲ್ಲಿ ಗೀಗೀ ಮೇಳದವರು ದಪ್ಪು ಬಡಿದು, ತುಂತುಣಿ ಮೀಟಿ ಹಾಡುತ್ತಾರೆ, ನಾವು ಕೂತು ಕೇಳುತ್ತೇವೆ. ಕನ್ನಡ ಸರ್ ಒಂದು ದಿನ, ಒಬ್ಬ ಹೋರಾಟಗಾರನ ಮೇಲೆ ಕಾವ್ಯ ಬರೆದು ತನ್ನಿ, ಚೆನ್ನಾಗಿದ್ದದ್ದನ್ನು ವಾರ್ಷಿಕೋತ್ಸವದಲ್ಲಿ ಓದಿಸುತ್ತೇನೆ ಅಂದರು. ನನಗೆ ಯಾರ ಮೇಲೆ ಬರೆಯಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ. ಛಂದಸ್ಸಿನ ಬಗ್ಗೆಯೂ ಯೋಚಿಸಲಿಲ್ಲ. ದೊಡ್ಡ ಕಥೆ ಅಂದರೆ ಕುಮಾರವ್ಯಾಸ, ಕುಮಾರವ್ಯಾಸ ಅಂದರೆ ಭಾಮಿನಿ. ಅಷ್ಟೇ ಲೆಕ್ಕ.

ತಪ್ಪಾಗಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಯಾರೂ ನನಗೆ ಮೊದಲೇ ಹೇಳಲಿಲ್ಲ.

ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ: ಲಘುವಿಗೆ 1, ಗುರುವಿಗೆ 2. ಮಾತ್ರೆಗಳ ಒಂದು ಗುಂಪು ಗಣ. ಭಾಮಿನಿಯಲ್ಲಿ ಗಣಗಳ ನಡೆ 3-4, 3-4. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ, ಅಲ್ಲಿ ಕೊನೆಯ ಗುರುವೂ ಸೇರಿ 23. ಇದು ನಿಮಗೆ ಪಾಠದಲ್ಲಿ ಬಂದಿರುತ್ತದೆ. ಈಗ ಒಂದು ಹಾಳೆ ತೆಗೆದುಕೊಂಡು ರಾಯಣ್ಣನ ಕಥೆಯ ಹೆಸರುಗಳಿಗೆ ಮಾತ್ರೆ ಹಾಕಿ ನೋಡಿ. ರಾಯಣ್ಣ: ‘ರಾ’ ಗುರು, ಒತ್ತಕ್ಷರದ ಹಿಂದಿನ ‘ಯ’ ಗುರು, ‘ಣ್ಣ’ ಲಘು. ಒಟ್ಟು 5. ಚೆನ್ನಮ್ಮ 5. ಕಿತ್ತೂರು 5. ಸಂಗೊಳ್ಳಿ 5. ಅವನನ್ನು ಗಲ್ಲಿಗೇರಿಸಿದ ನಂದಗಡವೂ 5. ಚೆನ್ನಮ್ಮನ ಸೈನ್ಯದ ಅಮಟೂರು ಬಾಳಪ್ಪ ಅಂದರೆ 5 ಮತ್ತು 5. ಜನ ಹೇಳುವ ಕಥೆಯಲ್ಲಿ ರಾಯಣ್ಣನ ಜೊತೆಗಿರುವ ಸಿದ್ದಿ ಸಮುದಾಯದ ಗೆಳೆಯ ಗಜವೀರನ ಹೆಸರಿಗೂ 5.

ಭಾಮಿನಿಯಲ್ಲಿ 5ರ ಗಣವೇ ಇಲ್ಲ. ರಾಯಣ್ಣ, ಚೆನ್ನಮ್ಮ, ಕಿತ್ತೂರು, ಸಂಗೊಳ್ಳಿ ಇವನ್ನು ಸಾಲಿನ ಮೊದಲಲ್ಲಿ ಇಡಲು ಬರುವುದೇ ಇಲ್ಲ. ಮೊದಲ ಗಣ 3, ಅಲ್ಲಿ ಎರಡನೇ ಗುರುವನ್ನು ಅರ್ಧಕ್ಕೆ ಸೀಳಬೇಕಾಗುತ್ತದೆ. ನಡುವೆ ಎಲ್ಲಿ ತಂದರೂ ಹೆಸರು ಎರಡು ಗಣಕ್ಕೆ ಹಂಚಿಹೋಗುತ್ತದೆ. ಪಳಗಿದ ಕವಿ ಅದನ್ನೂ ಚಂದ ಮಾಡುತ್ತಾನೆ, ಇಲ್ಲ ಅನ್ನುವುದಿಲ್ಲ. ಆದರೆ ಮಹಾಭಾರತದ ಹೆಸರುಗಳನ್ನು ನೋಡಿ. ಭೀಮ 3, ಕರ್ಣ 3, ಕೃಷ್ಣ 3, ಅರ್ಜುನ 4, ದ್ರೌಪದಿ 4. ಅವರೆಲ್ಲ ಆ ನಡೆಯಲ್ಲಿ ಆರಾಮಾಗಿ ಓಡಾಡುತ್ತಾರೆ. ನಮ್ಮ ಕಿತ್ತೂರಿನವರಿಗೆ ಅದು ಪಕ್ಕದ ಮನೆಯವರ ಅಂಗಿ ಹಾಕಿಕೊಂಡ ಹಾಗೆ, ಹೆಗಲಲ್ಲೇ ಹಿಡಿಯುತ್ತದೆ.

ನನಗೆ ಆಗ ಇದು ಗೊತ್ತಿರಲಿಲ್ಲ. ಹೆಸರು ಕೂರುತ್ತಿಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು. ಕೂರದ ಕಡೆಯೆಲ್ಲ ಹೆಸರು ತೆಗೆದು ‘ವೀರ’ ಅಂತ ಹಾಕಿದೆ. ವೀರ 3 ಮಾತ್ರೆ. ಶೂರ 3, ಧೀರ 3, ಘೋರ 3, ಕ್ರೂರ 3. ಇವೆಲ್ಲಕ್ಕೂ ಎರಡನೇ ಅಕ್ಷರ ‘ರ’, ಮೊದಲ ಅಕ್ಷರ ಗುರು. ಅಂದರೆ ಆದಿಪ್ರಾಸವೂ ತಾನಾಗಿ ಬಂದುಬಿಡುತ್ತದೆ! ಮಾತ್ರೆಯೂ ಸರಿ, ಪ್ರಾಸವೂ ಸರಿ, ಕೇಳಲೂ ಗಂಭೀರ. ಒಂದು ಷಟ್ಪದಿಯ ಆರು ಸಾಲೂ ಹೀಗೇ ತುಂಬಿಹೋಗುತ್ತವೆ, ಕಥೆ ಮಾತ್ರ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಇನ್ನೊಂದು ಕೇಳಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕದನದಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆ ಇದ್ದಾನಲ್ಲ, ಅವನ ಹೆಸರು ಸರಿಯಾಗಿ 4 ಮಾತ್ರೆ. ಭಾಮಿನಿಗೆ ಹೇಳಿ ಮಾಡಿಸಿದಂತಿದೆ. ಹೀಗಾಗಿ ನನ್ನ ಕಾವ್ಯದಲ್ಲಿ ರಾಯಣ್ಣನಿಗಿಂತ ಥ್ಯಾಕರೆಯ ಹೆಸರೇ ಜಾಸ್ತಿ ಬಂದಿತ್ತು.

ಸರ್ ನೋಟ್‌ಬುಕ್ ಪೂರ್ತಿ ಓದಿದರು. ಆಮೇಲೆ ತಲೆಬರಹದ ಮೇಲೆ ಅಂಗೈ ಇಟ್ಟು, ನಡುವಿನ ಒಂದು ಪುಟ ತೆರೆದು ಮುಂದಿನ ಬೆಂಚಿನ ಹುಡುಗನಿಗೆ ಕೊಟ್ಟರು. ಇದು ಯಾರ ಬಗ್ಗೆ ಐತಿ ಹೇಳು ಅಂದರು. ಅವನು ಗಮನ ಕೊಟ್ಟು ಓದಿ, ಶಿವಾಜಿ ಇರಬೇಕ್ರಿ ಸರ್ ಅಂದ. ಅವನ ತಪ್ಪೇನಿಲ್ಲ. ಆ ಪುಟದಲ್ಲಿ ಕುದುರೆ ಇತ್ತು, ಕತ್ತಿ ಇತ್ತು, ರಣರಂಗ ಇತ್ತು. ಸಂಗೊಳ್ಳಿ ಇರಲಿಲ್ಲ. ವಾರ್ಷಿಕೋತ್ಸವದಲ್ಲಿ ಬೇರೆಯವರ ಪದ್ಯ ಓದಿಸಿದರು. ರಾಯಣ್ಣನ ನೆಲದಲ್ಲೇ ಹುಟ್ಟಿ, ಅವನ ಹೆಸರು ಉಳಿಸಿಕೊಳ್ಳದ ಕಾವ್ಯ ಬರೆದೆನಲ್ಲ ಅನ್ನುವುದು ತುಂಬಾ ನೋಯಿಸಿತು.

ಹಾಗಾದರೆ ನೀವೇನು ಮಾಡಬೇಕು? ಲಲಿತ ರಗಳೆಯಲ್ಲಿ ಬರೆಯಿರಿ. ಒಂದು ಸಾಲಿಗೆ 5 ಮಾತ್ರೆಯ ನಾಲ್ಕು ಗಣ, ಒಟ್ಟು 20. ಇಷ್ಟೇ ಸಾಲು ಇರಬೇಕು ಅನ್ನುವ ಕಟ್ಟು ಇಲ್ಲ, ಎರಡೆರಡು ಸಾಲಿಗೆ ಪ್ರಾಸ ಹೊಂದಿಸಿಕೊಂಡು ಕಥೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹೋಗಬಹುದು. ರಗಳೆ ಸಣ್ಣದು, ಮಹಾಕಾವ್ಯಕ್ಕೆ ಸಾಲದು ಅಂತ ಯಾರಾದರೂ ಅಂದರೆ ಹರಿಹರನನ್ನು ತೋರಿಸಿ. ಅವನು ಶಿವಶರಣರ ಬದುಕನ್ನು ಹೇಳಿದ್ದು ರಗಳೆಯಲ್ಲೇ. ಷಟ್ಪದಿಯೇ ಬೇಕು ಅಂತ ಸರ್ ಹಟ ಹಿಡಿದರೆ ವಾರ್ಧಕ ಇದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಬಳಸಿದ್ದು ಅದನ್ನು, ಅದರಲ್ಲೂ 5ರ ಗಣಗಳೇ. ಆದರೆ ಆರು ಸಾಲಿಗೂ ಒಂದೇ ಪ್ರಾಸ ಹುಡುಕಬೇಕು, ಶಾಲೆಯ ಗಡುವಿನೊಳಗೆ ಅದು ಕಷ್ಟ.

ಹೇಗೆ ಕೇಳಿಸುತ್ತದೆ ನೋಡಿ, ಎರಡು ಸಾಲು ಬರೆದಿದ್ದೇನೆ:

ಸಂಗೊಳ್ಳಿ ರಾಯಣ್ಣ ಊರ ಕಾವಲಿನವನು
ಹಿಂಗಾರು ಬಂತು, ಹೊಲ ಅವನ ಹೆಸರಲಿ ಇಲ್ಲ

ಮಾತ್ರೆ ಹಾಕಿ ನೋಡಿ, 5-5-5-5. ಮೊದಲ ಎರಡು ಗಣ ಅವನ ಊರು, ಅವನ ಹೆಸರು. ಏನನ್ನೂ ಎಳೆದಿಲ್ಲ, ಕತ್ತರಿಸಿಲ್ಲ. ಒಂದು ಎಚ್ಚರಿಕೆ: ವಿಭಕ್ತಿ ಸೇರಿದರೆ ‘ರಾಯಣ್ಣನು’ 6 ಆಗಿ ಮುಂದಿನ ಗಣಕ್ಕೆ ಚಾಚುತ್ತದೆ. ಶುರುವಿನಲ್ಲಿ ಬರೀ ‘ರಾಯಣ್ಣ’ ಅಂತಲೇ ಬರೆಯಿರಿ. ಕನ್ನಡದಲ್ಲಿ ಅಷ್ಟು ಸಾಕು.

ಎರಡನೇ ಸಾಲಿನಲ್ಲಿ ಹೊಲ ತಂದದ್ದು ಸುಮ್ನೆ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಮಾತು ಅದೇ, ಹುಟ್ಟಿನಿಂದ ಗಲ್ಲಿನ ತನಕ ಎಲ್ಲವೂ ಬರಬೇಕು ಅನ್ನುವುದು. ಬೇಡ. 1798ರ ಆಗಸ್ಟ್ 15ಕ್ಕೆ ಹುಟ್ಟಿದ, 1831ರ ಜನವರಿ 26ಕ್ಕೆ ಗಲ್ಲಿಗೇರಿದ, ಎರಡೂ ನಮ್ಮ ರಾಷ್ಟ್ರೀಯ ಹಬ್ಬಗಳ ದಿನ ಅಂತ ಶುರು ಮಾಡುವ ಪದ್ಯಗಳು ಈಗಾಗಲೇ ಬೇಕಾದಷ್ಟಿವೆ. ಆ ಹೊಂದಿಕೆ ನಮಗೆ ಕಾಣುವುದು, ರಾಯಣ್ಣನಿಗೆ ಕಂಡದ್ದಲ್ಲ. ಅವನಿಗೆ ಕಂಡದ್ದೇನು? ಕಿತ್ತೂರಿನ ರಾಜಮನೆತನದ ದತ್ತು ಮಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಗೆದ್ದ ಕಿತ್ತೂರು ಅದೇ ವರ್ಷದ ಡಿಸೆಂಬರಿನಲ್ಲಿ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಊರಿಗೆ ವಾಲೀಕಾರ, ಅಂದರೆ ಕಾವಲುಗಾರ ಆಗಿದ್ದ ರಾಯಣ್ಣನ ಹೊಲವನ್ನು ಕಿತ್ತುಕೊಂಡರು, ಉಳಿದ ಚೂರಿಗೆ ಕಂದಾಯ ಹೇರಿದರು. ಅವನ ಹಾಗೇ ಹೊಲ ಕಳೆದುಕೊಂಡವರು ಅವನ ಹಿಂದೆ ನಿಂತರು. 1829-30ರಲ್ಲಿ ಆ ದಂಡು ಖಾನಾಪುರದ ಕಡೆಯ ಕಾಡಿನಿಂದ ಬಂದು ಬೀಡಿ ಎಂಬ ಊರಿನ ಕಚೇರಿಗೆ ಬೆಂಕಿ ಇಟ್ಟಿತು, ಖಜಾನೆ ದೋಚಿತು, ದತ್ತು ಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸುತ್ತೇವೆ ಎಂದು ಸಾರಿತು.

ನೀವು ಇದರಲ್ಲಿ ಒಂದು ರಾತ್ರಿ ಹಿಡಿಯಿರಿ. ನನ್ನ ಕೇಳಿದರೆ ಬೀಡಿಯ ರಾತ್ರಿ. ಕಂದಾಯ ವಸೂಲಿ ಮಾಡುವ ಸರ್ಕಾರದ ಕಚೇರಿ ಉರಿಯುವಾಗ ಹೊಲ ಕಳೆದುಕೊಂಡವನೊಬ್ಬ ಎದುರು ನಿಂತು ನೋಡುತ್ತಿದ್ದಾನೆ ಅಂದುಕೊಳ್ಳಿ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯಲು ನೂರು ಸಾಲು ಬೇಕು. ಅಲ್ಲಿ ‘ವೀರ’ ಅನ್ನುವ ಮಾತು ಒಮ್ಮೆಯೂ ಬೇಕಾಗುವುದಿಲ್ಲ. ಮಹಾಕಾವ್ಯ ಅಂದರೆ ಉದ್ದ ಅಂತ ತಿಳಿಯಬೇಡಿ. ಒಂದು ಇಡೀ ಊರಿನ ಜನ ಅದರೊಳಗೆ ಇರಬೇಕು, ಅಷ್ಟೇ. ಗೀಗೀ ಮೇಳದವರ ಹಾಡಿನಲ್ಲಿ ಇರುತ್ತಾರೆ, ಕೇಳಿ ನೋಡಿ. ಅವರು ಅಕ್ಷರವನ್ನು ಎಳೆಯುತ್ತಾರೆ, ನುಂಗುತ್ತಾರೆ, ಆದರೆ ಊರಿನ ಹೆಸರು, ಮನುಷ್ಯನ ಹೆಸರು ಬಿಡುವುದಿಲ್ಲ.

ನಿಮ್ಮ ತರಗತಿಯಲ್ಲಿ ಭಾಮಿನಿಯಲ್ಲೇ ಬರೆಯಬೇಕು ಅನ್ನುವ ಆಸೆ ಇರುವವರಿಗೆ ಹಲಗಲಿ ಬೇಡರ ಕಥೆ ಕೊಡಿ. ಹತ್ತನೇ ತರಗತಿಯಲ್ಲಿ ಓದುವ ಲಾವಣಿ ಅದೇ, 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆ ಎಂದವರದು. ಅಲ್ಲಿ ಹಲಗಲಿ 4, ಬೇಡರು 4, ಹನುಮ 3, ಬಾಲ 3, ಜಡಗ 3, ರಾಮ 3. ಹೆಸರುಗಳೇ ಭಾಮಿನಿಯನ್ನು ಕೇಳುತ್ತವೆ.

ಕೊನೆಗೆ ಒಂದು ಕೆಲಸದ ಮಾತು. ರಾಯಣ್ಣ ಹಳ್ಳದಲ್ಲಿ ಸ್ನಾನ ಮಾಡುತ್ತಿದ್ದಾಗ ಮೋಸದಿಂದ ಹಿಡಿದರು ಅನ್ನುವ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಅದನ್ನು ಬಳಸಿ. ಬಳಸಿದರೆ ಪ್ರಾಜೆಕ್ಟಿನ ಹಿಂದೆ ಒಂದು ಪುಟ ಸೇರಿಸಿ, ಯಾವುದು ಇತಿಹಾಸದಿಂದ ತಗೊಂಡದ್ದು, ಯಾವುದು ಜನ ಹಾಡುವುದು, ಯಾವುದು ನೀವು ಕಲ್ಪಿಸಿದ್ದು ಅಂತ ಬೇರೆ ಬೇರೆ ಬರೆಯಿರಿ. ಪರೀಕ್ಷಕರು ಪ್ರಶ್ನೆ ಕೇಳುವುದು ಅಲ್ಲೇ. ಮೊದಲ ಹತ್ತು ಸಾಲು ಆದ ಮೇಲೆ ಇಲ್ಲೇ ಕೆಳಗೆ ಹಾಕಿ, ಮಾತ್ರೆ ನಾನು ನೋಡಿಕೊಡುತ್ತೇನೆ.